ಎಂಟು ರೇಸ್ ಗೆದ್ದವರಿಗೆ ಕಿರೀಟ ಯಾಕೆ ಸಿಗಲಿಲ್ಲ?

ಡಿಸೆಂಬರ್ 7ರ ಭಾನುವಾರ ರಾತ್ರಿ ಅಬುಧಾಬಿಯಲ್ಲಿ ಫಾರ್ಮುಲಾ ಒನ್‌ನ 2025ರ ಕೊನೆಯ ರೇಸ್ ಮುಗಿಯಿತು. ಮೊದಲು ಬಂದವರು ರೆಡ್ ಬುಲ್ ತಂಡದ ಮ್ಯಾಕ್ಸ್ ವರ್ಸ್ಟಾಪನ್. ಎರಡನೆಯವರು ಮೆಕ್‌ಲಾರೆನ್‌ನ ಆಸ್ಕರ್ ಪಿಯಾಸ್ಟ್ರಿ. ಮೂರನೆಯವರಾಗಿ ಗೆರೆ ದಾಟಿದ ಲ್ಯಾಂಡೊ ನಾರಿಸ್ ರೇಡಿಯೋದಲ್ಲೇ ಅತ್ತುಬಿಟ್ಟರು. ಯಾಕೆಂದರೆ ವಿಶ್ವ ಚಾಂಪಿಯನ್ ಆಗಿದ್ದು ಅವರು.

ವರ್ಷದ ಒಟ್ಟು ಅಂಕ ಹೀಗಿದೆ: ನಾರಿಸ್ 423, ವರ್ಸ್ಟಾಪನ್ 421, ಪಿಯಾಸ್ಟ್ರಿ 410. ಇನ್ನು ಗೆಲುವಿನ ಲೆಕ್ಕ ನೋಡಿ. ವರ್ಸ್ಟಾಪನ್ 8, ನಾರಿಸ್ 7, ಪಿಯಾಸ್ಟ್ರಿ 7. ಕೊನೆಯ ರೇಸ್ ಗೆದ್ದವರು, ವರ್ಷದಲ್ಲಿ ಅತಿ ಹೆಚ್ಚು ರೇಸ್ ಗೆದ್ದವರು, ಇಬ್ಬರೂ ಒಬ್ಬರೇ. ಆದರೂ ಅವರು ಎರಡನೇ ಸ್ಥಾನಕ್ಕೆ ನಿಂತರು.

ಕೊಡಗಿನವರಿಗೆ ಮೋಟಾರ್ ಸ್ಪೋರ್ಟ್ಸ್ ಹೊಸದೇನಲ್ಲ. ಕುಯ್ಲಾದ ಗದ್ದೆಯಲ್ಲಿ ಆಟೋಕ್ರಾಸ್, ತೋಟದ ಮಣ್ಣುದಾರಿಯಲ್ಲಿ ರ್‍ಯಾಲಿ ನೋಡಿಕೊಂಡೇ ಬೆಳೆದವರು ಇಲ್ಲಿ ಬಹಳ ಜನ. ಗಾಡಿ ಅಂದರೆ ಏನು, ವೇಗ ಅಂದರೆ ಏನು ಅಂತ ಅವರಿಗೆ ಹೇಳಿಕೊಡಬೇಕಿಲ್ಲ. ಗೊಂದಲ ಇರುವುದು ಅಂಕದ ಲೆಕ್ಕದಲ್ಲಿ. ಜಾಸ್ತಿ ಗೆದ್ದವರು ಸೋಲುವುದು ಹೇಗೆ? ಮೆಕ್‌ಲಾರೆನ್ ತನ್ನ ಚಾಲಕನಿಗೆ ಅನ್ಯಾಯ ಮಾಡಿತಾ? ಲಾಸ್ ವೇಗಾಸ್‌ನಲ್ಲಿ ಎರಡನೇ ಸ್ಥಾನ ಬಂದವರ ಹೆಸರನ್ನೇ ಪಟ್ಟಿಯಿಂದ ತೆಗೆದಿದ್ದು ಯಾಕೆ? ಒಂದೊಂದಾಗಿ ನೋಡೋಣ.

ಹಾಕಿ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮ ಕೊಡವ ಕುಟುಂಬಗಳ ಹಾಕಿ ಹಬ್ಬ ನಾಕೌಟ್. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 400ರ ಹತ್ತಿರ ಕುಟುಂಬಗಳು ಆಡಿದವು. ಅಲ್ಲಿ ಒಂದು ಮ್ಯಾಚ್ ಸೋತರೆ ಸ್ಟಿಕ್ ಎತ್ತಿಕೊಂಡು ಮನೆಗೆ ಹೋಗಬೇಕು. ಕೊನೆಯ ಮ್ಯಾಚ್ ಗೆದ್ದವರಿಗೇ ಕಪ್.

ಫಾರ್ಮುಲಾ ಒನ್ ಹಾಗಲ್ಲ. 2025ರಲ್ಲಿ ಮಾರ್ಚ್‌ನಿಂದ ಡಿಸೆಂಬರ್‌ವರೆಗೆ 24 ರೇಸ್. ಪ್ರತಿ ರೇಸಿನಲ್ಲೂ ಮೊದಲ ಹತ್ತು ಜನರಿಗೆ ಅಂಕ ಸಿಗುತ್ತದೆ. ಗೆದ್ದವರಿಗೆ 25, ಎರಡನೆಯವರಿಗೆ 18, ಮೂರನೆಯವರಿಗೆ 15, ನಾಲ್ಕನೆಯವರಿಗೆ 12, ಐದನೆಯವರಿಗೆ 10, ಹೀಗೆ ಇಳಿಯುತ್ತಾ ಹತ್ತನೆಯವರಿಗೆ 1. ಈ ವರ್ಷ ಆರು ಕಡೆ ಶನಿವಾರ ಸ್ಪ್ರಿಂಟ್ ಅನ್ನುವ ಚಿಕ್ಕ ರೇಸ್ ಕೂಡ ಇತ್ತು. ಅದರಲ್ಲಿ ಗೆದ್ದವರಿಗೆ 8 ಅಂಕ. ಎಲ್ಲ ಕೂಡಿಸಿದಾಗ ಯಾರದು ಜಾಸ್ತಿಯೋ ಅವರೇ ಚಾಂಪಿಯನ್.

ಇದರ ಪರಿಣಾಮ ಏನು ಅಂದರೆ, ಗೆಲ್ಲುವುದರಷ್ಟೇ ಮುಖ್ಯವಾಗಿ ಕೆಟ್ಟ ದಿನ ಎಷ್ಟು ಕಳೆದುಕೊಳ್ಳುತ್ತೀರಿ ಅನ್ನುವುದೂ ಎಣಿಕೆಗೆ ಬರುತ್ತದೆ. ಗೆಲುವಿಗೂ ಎರಡನೇ ಸ್ಥಾನಕ್ಕೂ ಇರುವ ಅಂತರ 7 ಅಂಕ. ಎರಡನೇ ಸ್ಥಾನಕ್ಕೂ ಸೊನ್ನೆಗೂ ಇರುವ ಅಂತರ 18. ಆಟೋಕ್ರಾಸ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಎಷ್ಟೇ ಜೋರಾಗಿ ಓಡಿಸಿ, ಕಂಬಕ್ಕೆ ತಾಗಿಸಿದರೆ ಸೆಕೆಂಡು ಸೇರುತ್ತದಲ್ವಾ, ಹಾಗೆಯೇ.

ಇಂಥದ್ದು ಮೊದಲ ಸಲ ಆಗಿದ್ದೂ ಅಲ್ಲ. 1958ರಲ್ಲಿ ಸ್ಟರ್ಲಿಂಗ್ ಮಾಸ್ ನಾಲ್ಕು ರೇಸ್ ಗೆದ್ದರು, ಒಂದೇ ಒಂದು ಗೆದ್ದ ಮೈಕ್ ಹಾಥಾರ್ನ್ ಒಂದು ಅಂಕದಿಂದ ಚಾಂಪಿಯನ್ ಆದರು. 1984ರಲ್ಲಿ ಏಳು ಗೆದ್ದ ಅಲೆನ್ ಪ್ರಾಸ್ಟ್, ಐದು ಗೆದ್ದ ನಿಕಿ ಲೌಡಾ ಎದುರು ಬರೀ ಅರ್ಧ ಅಂಕದಿಂದ ಸೋತರು. 2008ರಲ್ಲಿ ಆರು ಗೆದ್ದ ಫೆಲಿಪೆ ಮಸ್ಸಾ, ಐದು ಗೆದ್ದ ಲೂಯಿಸ್ ಹ್ಯಾಮಿಲ್ಟನ್ ಎದುರು ಒಂದು ಅಂಕದಿಂದ.

ಇದೇ ವರ್ಷದ ವಿಶ್ವ ರ್‍ಯಾಲಿಯಲ್ಲಿ ಇದಕ್ಕೆ ತದ್ವಿರುದ್ಧವಾದದ್ದು ನಡೆಯಿತು. 14 ಸುತ್ತಿನಲ್ಲಿ ಮೂರನ್ನು ಬಿಟ್ಟು 11ರಲ್ಲಿ ಮಾತ್ರ ಓಡಿಸಿದ ಸೆಬಾಸ್ಟಿಯನ್ ಓಜಿಯೆ ಆರು ರ್‍ಯಾಲಿ ಗೆದ್ದರು. ಎಲ್ಲ ಸುತ್ತಿಗೂ ಹೋಗಿದ್ದ ಎಲ್ಫಿನ್ ಇವಾನ್ಸ್‌ಗಿಂತ ನಾಲ್ಕು ಅಂಕ ಮುಂದೆ ನಿಂತು ಒಂಬತ್ತನೇ ಸಲ ಚಾಂಪಿಯನ್ ಆದರು. ಲೆಕ್ಕದ ದಾರಿ ಎರಡೂ ಕಡೆ ಒಂದೇ, ಫಲ ಮಾತ್ರ ಬೇರೆ.

104 ಅಂಕ ಹಿಂದೆ

ಆಗಸ್ಟ್ 31ರಂದು ನೆದರ್‌ಲ್ಯಾಂಡ್ಸ್‌ನ ಜಾಂಡ್‌ವೋರ್ಟ್ ರೇಸ್ ಮುಗಿದಾಗ ಪಿಯಾಸ್ಟ್ರಿ 309, ನಾರಿಸ್ 275, ವರ್ಸ್ಟಾಪನ್ 205. ಅಂದರೆ ವರ್ಸ್ಟಾಪನ್ ಮುಂಚೂಣಿಯಿಂದ 104 ಅಂಕ ಹಿಂದೆ. ಉಳಿದಿದ್ದು ಒಂಬತ್ತೇ ರೇಸ್. ಆ ದಿನ ನಾರಿಸ್ ಎರಡನೇ ಸ್ಥಾನದಲ್ಲಿದ್ದರು. ಮುಗಿಯಲು ಏಳೆಂಟು ಸುತ್ತು ಇರುವಾಗ ಆಯಿಲ್ ಲೀಕ್ ಆಗಿ ಕಾರು ನಿಂತಿತು. ಕೈಗೆ ಬಂದಿದ್ದ 18 ಅಂಕ ಹೋಯಿತು. ಇನ್ನು ಚಾಂಪಿಯನ್‌ಶಿಪ್ ಪಿಯಾಸ್ಟ್ರಿಗೇ ಅಂತ ಬಹಳ ಜನ ತೀರ್ಮಾನ ಮಾಡಿದ್ದೂ ಆಯಿತು.

ಅಲ್ಲಿಂದ ಲೆಕ್ಕ ಉಲ್ಟಾ ಹೊಡೆಯಿತು. ಕೊನೆಯ ಒಂಬತ್ತು ರೇಸಿನಲ್ಲಿ ವರ್ಸ್ಟಾಪನ್ ಆರು ಗೆದ್ದರು. ಉಳಿದ ಮೂರರಲ್ಲೂ ಮೊದಲ ಮೂರರೊಳಗೇ ಇದ್ದರು. ಸ್ಪ್ರಿಂಟ್ ಸೇರಿಸಿ ಆ ಅವಧಿಯಲ್ಲಿ ಅವರು ಗಳಿಸಿದ್ದು 216 ಅಂಕ. ನಾರಿಸ್ 148. ಪಿಯಾಸ್ಟ್ರಿ 101. ಬಾಕುವಿನಲ್ಲಿ ಮೊದಲ ಸುತ್ತಿನಲ್ಲೇ ಗೋಡೆಗೆ ಗುದ್ದಿದ ಮೇಲೆ ಪಿಯಾಸ್ಟ್ರಿ ಹಳೆಯ ಲಯಕ್ಕೆ ಮರಳಲು ಪರದಾಡಿದರು. ಹಿಡಿತ ಕಡಿಮೆ ಇರುವ ಆಸ್ಟಿನ್, ಮೆಕ್ಸಿಕೊ ಟ್ರ್ಯಾಕ್‌ಗಳಲ್ಲಿ ಅವರ ಓಡಿಸುವ ರೀತಿಗೆ ಕಾರು ಒಗ್ಗಲೇ ಇಲ್ಲ.

ಈ ಅಂಕಿ ನೋಡಿದರೆ ವರ್ಸ್ಟಾಪನ್‌ಗೆ ಕಿರೀಟ ತಪ್ಪಿದ್ದಕ್ಕೆ ಬೇಸರವಾಗುವುದು ಸಹಜ. ಆದರೆ ಕ್ಯಾಲೆಂಡರನ್ನು ಹಿಂದಕ್ಕೆ ತಿರುಗಿಸಿ ಜೂನ್ 1ಕ್ಕೆ ಹೋಗಬೇಕು. ಅವತ್ತು ಸ್ಪೇನ್ ರೇಸ್. ಕೊನೆಯ ಸುತ್ತುಗಳಲ್ಲಿ ಮರ್ಸಿಡಿಸ್‌ನ ಜಾರ್ಜ್ ರಸೆಲ್‌ಗೆ ಜಾಗ ಬಿಟ್ಟುಕೊಡು ಅಂತ ತಂಡ ಹೇಳಿತು. ಸಿಟ್ಟಿನಲ್ಲಿದ್ದ ವರ್ಸ್ಟಾಪನ್ ವೇಗ ಕಡಿಮೆ ಮಾಡಿ, ಮತ್ತೆ ಮುನ್ನುಗ್ಗಿ ರಸೆಲ್ ಕಾರಿಗೆ ತಾಗಿಸಿದರು. ಹತ್ತು ಸೆಕೆಂಡ್ ದಂಡ ಬಿತ್ತು. ಐದನೇ ಸ್ಥಾನದಿಂದ ಹತ್ತಕ್ಕೆ ಇಳಿದರು. 10 ಅಂಕ ಬರಬೇಕಾದಲ್ಲಿ 1 ಬಂತು. ಹೋದದ್ದು 9, ವರ್ಷದ ಕೊನೆಯಲ್ಲಿ ಕಡಿಮೆ ಬಿದ್ದದ್ದು 2. ಇದೊಂದೇ ಕಾರಣ ಅಂತ ಹೇಳಿದರೆ ತಪ್ಪಾಗುತ್ತದೆ, ಆಸ್ಟ್ರಿಯಾದಲ್ಲಿ ಬೇರೆಯವರ ತಪ್ಪಿನಿಂದ ಅವರು ಮೊದಲ ಸುತ್ತಿನಲ್ಲೇ ಹೊರಬಿದ್ದಿದ್ದೂ ಇದೆ. ಆದರೆ ಸ್ಪೇನ್‌ನಲ್ಲಿ ಹೋದದ್ದು ಪೂರ್ತಿ ಅವರ ಕೈಯಾರೆ.

ಇಬ್ಬರೂ ಸಮಾನ ಅಂದರೆ ಏನು?

ಈ ವರ್ಷದ ದೊಡ್ಡ ಜಗಳ ಇದೇ. ರೆಡ್ ಬುಲ್‌ನಲ್ಲಿ ಎಲ್ಲ ಶಕ್ತಿಯೂ ವರ್ಸ್ಟಾಪನ್ ಹಿಂದೆ ನಿಂತಿತು. ಮೆಕ್‌ಲಾರೆನ್ ಹಾಗೆ ಮಾಡಲಿಲ್ಲ. ಇಬ್ಬರಿಗೂ ಗೆಲ್ಲುವ ಹಕ್ಕು ಸಮಾನ, ಒಬ್ಬರ ಕಾರಿಗೆ ಇನ್ನೊಬ್ಬರು ತಾಗಿಸಬಾರದು, ಇಷ್ಟೇ ಷರತ್ತು. ತಂಡದ ಕಿತ್ತಳೆ ಬಣ್ಣದಿಂದಾಗಿ ಇದಕ್ಕೆ 'ಪಪಾಯ ನಿಯಮ' ಅಂತ ಹೆಸರು ಬಿತ್ತು.

ಇದನ್ನು ವಿರೋಧಿಸುವವರ ವಾದ ಸುಲಭ. ಒಬ್ಬರನ್ನೊಬ್ಬರು ತಡೆದರೆ ಮೂರನೆಯವರಿಗೆ ಲಾಭ. ಇದಕ್ಕೆ ಮೆಕ್‌ಲಾರೆನ್ ಇತಿಹಾಸದಲ್ಲೇ ಸಾಕ್ಷಿ ಇದೆ. 2007ರಲ್ಲಿ ಹ್ಯಾಮಿಲ್ಟನ್ ಮತ್ತು ಅಲೊನ್ಸೊ ಇಬ್ಬರೂ ಅದೇ ತಂಡದಲ್ಲಿದ್ದು ತಲಾ 109 ಅಂಕ ಗಳಿಸಿದರು. 110 ಗಳಿಸಿದ ಫೆರಾರಿಯ ಕಿಮಿ ರೈಕೊನೆನ್ ಚಾಂಪಿಯನ್ ಆದರು. ಈ ವರ್ಷವೂ ಕೆನಡಾದಲ್ಲಿ ನಾರಿಸ್ ತನ್ನದೇ ತಂಡದ ಪಿಯಾಸ್ಟ್ರಿ ಕಾರಿನ ಹಿಂಭಾಗಕ್ಕೆ ಗುದ್ದಿ ಹೊರಬಿದ್ದರು. ತಪ್ಪು ತನ್ನದೇ ಅಂತ ಒಪ್ಪಿಕೊಂಡರು.

ಪರವಾಗಿ ಇರುವವರ ವಾದ ಬೇರೆ. ತಂಡಕ್ಕೆ ಹಣ ಬರುವುದು ತಂಡದ ಅಂಕದಿಂದ. ಇಬ್ಬರೂ ಹುರುಪಿನಿಂದ ಓಡಿಸಿದರೆ ಅದು ಸುಭದ್ರ. ಮೆಕ್‌ಲಾರೆನ್ ಅಕ್ಟೋಬರ್ 5ರಂದು ಸಿಂಗಪುರದಲ್ಲೇ, ಆರು ರೇಸ್ ಬಾಕಿ ಇರುವಾಗಲೇ, ತಂಡದ ಪ್ರಶಸ್ತಿ ಗೆದ್ದುಬಿಟ್ಟಿತು. ಹಾಗೆಯೇ ಏಪ್ರಿಲ್‌ನಲ್ಲೋ ಆಗಸ್ಟ್‌ನಲ್ಲೋ ಒಬ್ಬರನ್ನು ಆರಿಸಿದ್ದರೆ ಅದು ಪಿಯಾಸ್ಟ್ರಿ ಆಗಿರುತ್ತಿದ್ದರು, ನಾರಿಸ್ ಅಲ್ಲ. ಈ ಮಾತನ್ನು ಟೀಕಾಕಾರರು ಮರೆಯುತ್ತಾರೆ.

ಕಷ್ಟ ಬಂದದ್ದು ಸೆಪ್ಟೆಂಬರ್ 7ರಂದು ಇಟಲಿಯ ಮೊಂಜಾದಲ್ಲಿ. ನಾರಿಸ್ ಎರಡನೆಯವರು, ಪಿಯಾಸ್ಟ್ರಿ ಮೂರನೆಯವರು. ಟಯರ್ ಬದಲಿಸಲು ಮುಂದಿದ್ದವರನ್ನು ಮೊದಲು ಕರೆಯುವುದು ವಾಡಿಕೆ. ಹೊಸ ಟಯರ್ ಸಿಕ್ಕವರು ಕೂಡಲೇ ವೇಗವಾಗಿ ಓಡುತ್ತಾರೆ, ಹಳೆ ಟಯರಿನಲ್ಲಿರುವವರನ್ನು ಹಿಂದೆ ಹಾಕಬಹುದು. ಆದರೆ ಹಿಂದೆ ಬರುತ್ತಿದ್ದ ಫೆರಾರಿಯಿಂದ ಪಿಯಾಸ್ಟ್ರಿಯನ್ನು ಕಾಪಾಡಲು ತಂಡ ಅವರನ್ನೇ ಮೊದಲು ಕರೆಯಿತು. ಇದರಿಂದ ನಿನ್ನ ಜಾಗ ಹೋಗುವುದಿಲ್ಲ ಅಂತ ನಾರಿಸ್‌ಗೆ ಭರವಸೆ ಕೊಟ್ಟಿತು. ಆಮೇಲೆ ನಾರಿಸ್ ಬಂದಾಗ ಒಂದು ಚಕ್ರದ ನಟ್ ಬಿಚ್ಚುವ ಗನ್ ಕೈಕೊಟ್ಟಿತು. ಎರಡು ಚಿಲ್ಲರೆ ಸೆಕೆಂಡಲ್ಲಿ ಆಗಬೇಕಾದ ಕೆಲಸಕ್ಕೆ 5.9 ಸೆಕೆಂಡ್ ಹಿಡಿಯಿತು. ಅವರು ಹೊರಬರುವಷ್ಟರಲ್ಲಿ ಪಿಯಾಸ್ಟ್ರಿ ಮುಂದೆ ಹೋಗಿಯಾಗಿತ್ತು. ತಂಡ ಪಿಯಾಸ್ಟ್ರಿಗೆ ಜಾಗ ಬಿಡಲು ಹೇಳಿತು. ನಿಧಾನವಾದ ಪಿಟ್ ಸ್ಟಾಪ್ ಕೂಡ ರೇಸಿನ ಭಾಗವೇ ಅಲ್ವಾ ಅಂತ ಅವರು ರೇಡಿಯೋದಲ್ಲಿ ಕೇಳಿದರು. ಆದರೂ ಬಿಟ್ಟರು.

ಪಿಯಾಸ್ಟ್ರಿ ಕೇಳಿದ್ದು ನ್ಯಾಯವಾದ ಪ್ರಶ್ನೆ. ಅದಕ್ಕೆ ಪೂರ್ತಿ ಸಮಾಧಾನವಾಗುವ ಉತ್ತರ ಇಲ್ಲ. ಆದರೂ ತಂಡ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಸರದಿ ಬದಲಿಸಿದ್ದು ತಂಡ. ಮಾತು ಕೊಟ್ಟಿದ್ದೂ ತಂಡ. ಕೊಟ್ಟ ಮಾತನ್ನು ಮುರಿದಿದ್ದರೆ, ಮುಂದಿನ ಸಲ ಇಬ್ಬರಲ್ಲಿ ಯಾರೂ ತಂಡದ ಮಾತು ನಂಬುತ್ತಿರಲಿಲ್ಲ. ಅವತ್ತು ಕೈ ಬದಲಾಗಿದ್ದು ಮೂರು ಅಂಕ. ಈ ಮೂರನ್ನು ನೆನಪಿಟ್ಟುಕೊಳ್ಳಿ.

ಹಾಳೆಯಷ್ಟು ದಪ್ಪದ ಮರ

ನವೆಂಬರ್ 23ರ ಭಾನುವಾರ, ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಲಾಸ್ ವೇಗಾಸ್ ರೇಸ್ ಶುರುವಾಯಿತು. ವರ್ಸ್ಟಾಪನ್ ಗೆದ್ದರು, ನಾರಿಸ್ ಎರಡನೆಯವರು, ಪಿಯಾಸ್ಟ್ರಿ ನಾಲ್ಕನೆಯವರು. ಟಿವಿ ಆರಿಸಿ ತಿಂಡಿ, ಕೆಲಸ ಅಂತ ಹೋದವರು ಮಧ್ಯಾಹ್ನ ಮೊಬೈಲ್ ನೋಡಿದರೆ ಮೆಕ್‌ಲಾರೆನ್‌ನ ಎರಡೂ ಕಾರು ಅನರ್ಹ. ಬಹುಶಃ ಈ ವರ್ಷ ಅತಿ ಹೆಚ್ಚು ತಲೆಕೆಡಿಸಿದ ಸುದ್ದಿ ಇದು.

ಫಾರ್ಮುಲಾ ಒನ್ ಕಾರಿನ ಹೊಟ್ಟೆಯ ಕೆಳಗೆ ಉದ್ದಕ್ಕೂ ಒಂದು ಹಲಗೆ ಇರುತ್ತದೆ. ಹೊಸದಾಗಿದ್ದಾಗ ದಪ್ಪ 10 ಮಿಲಿಮೀಟರ್. ರೇಸ್ ಮುಗಿದ ಮೇಲೆ ನಿಗದಿ ಮಾಡಿದ ತೂತುಗಳ ಹತ್ತಿರ ಅಳತೆ ಮಾಡುತ್ತಾರೆ. ಕನಿಷ್ಠ 9 ಮಿ.ಮೀ. ಉಳಿದಿರಬೇಕು. ಅವತ್ತು ನಾರಿಸ್ ಕಾರಿನಲ್ಲಿ ಮುಂದಿನ ಬಲಗಡೆ 8.88, ಹಿಂದಿನ ಬಲಗಡೆ 8.93 ಸಿಕ್ಕಿತು. ಪಿಯಾಸ್ಟ್ರಿ ಕಾರಿನಲ್ಲಿ ಒಂದು ಕಡೆ 8.74ಕ್ಕೆ ಇಳಿದಿತ್ತು. ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. ಇರುತ್ತದೆ. ನಾರಿಸ್ ಕಳೆದುಕೊಂಡ 18 ಅಂಕಕ್ಕೆ ಕಾರಣ ಹೆಚ್ಚುಕಡಿಮೆ ಅಂಥ ಒಂದು ಹಾಳೆ.

ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಶಿಕ್ಷೆಯಾ? ಹಲಗೆ ಯಾಕೆ ಬಂತು ಅಂತ ತಿಳಿದರೆ ಉತ್ತರ ಸಿಗುತ್ತದೆ. 1994ರ ಇಮೋಲಾ ರೇಸಿನ ವಾರಾಂತ್ಯದಲ್ಲಿ ರೋಲಂಡ್ ರಾಟ್ಜೆನ್‌ಬರ್ಗರ್ ಮತ್ತು ಐರ್ಟನ್ ಸೆನ್ನಾ ತೀರಿಕೊಂಡರು. ಆಮೇಲೆ ಕಾರುಗಳ ವೇಗ ಇಳಿಸಲು ಬಂದ ಕ್ರಮಗಳಲ್ಲಿ ಈ ಹಲಗೆಯೂ ಒಂದು. ಕಾರು ನೆಲಕ್ಕೆ ಹತ್ತಿರ ಇದ್ದಷ್ಟೂ ಅಡಿಯಲ್ಲಿ ನುಗ್ಗುವ ಗಾಳಿ ಅದನ್ನು ನೆಲಕ್ಕೆ ಎಳೆದು ಹಿಡಿಯುತ್ತದೆ. ತಿರುವಿನಲ್ಲಿ ಹಿಡಿತ ಜಾಸ್ತಿ, ವೇಗ ಜಾಸ್ತಿ. 2022ರಿಂದ 2025ರವರೆಗಿನ ಕಾರುಗಳಲ್ಲಂತೂ ಹಿಡಿತದ ದೊಡ್ಡ ಪಾಲು ಈ ಅಡಿಭಾಗದಿಂದಲೇ ಬರುತ್ತಿತ್ತು. ಆದ್ದರಿಂದ ಎಲ್ಲ ತಂಡಗಳಿಗೂ ಕಾರನ್ನು ಇನ್ನೂ ಒಂದು ಕೂದಲಷ್ಟು ಕೆಳಗಿಳಿಸುವ ಆಸೆ. ಹಲಗೆ ಆ ಆಸೆಗೆ ಹಾಕಿದ ಬೇಲಿ. ಜಾಸ್ತಿ ಇಳಿಸಿದರೆ ನೆಲಕ್ಕೆ ಉಜ್ಜಿ ಸವೆಯುತ್ತದೆ, ಅಳತೆಯಲ್ಲಿ ಸಿಕ್ಕಿಬೀಳುತ್ತದೆ.

ಎಸ್ಟೇಟ್ ದಾರಿಯಲ್ಲಿ ತಗ್ಗು ಕಾರು ಓಡಿಸಿದವರಿಗೆ ಅಡಿಯಲ್ಲಿ 'ಕರ್' ಅಂತ ಉಜ್ಜುವ ಶಬ್ದ ಗೊತ್ತು. ಖಾಲಿ ಕಾರಿಗೆ ತಾಗದ ಉಬ್ಬು ಐದು ಜನ ಕೂತಾಗ ತಾಗುತ್ತದೆ. ಫಾರ್ಮುಲಾ ಒನ್‌ನಲ್ಲಿ ಆ ಭಾರ ಹಾಕುವುದು ಗಾಳಿ. ವೇಗ ಏರಿದ ಹಾಗೆ ಕಾರು ತಗ್ಗುತ್ತದೆ. ಎಷ್ಟು ತಗ್ಗುತ್ತದೆ, ಎಷ್ಟು ಕುಣಿಯುತ್ತದೆ ಅಂತ ಅಭ್ಯಾಸದ ಓಟದಲ್ಲಿ ನೋಡಿಕೊಂಡು ಎತ್ತರ ನಿಗದಿ ಮಾಡಬೇಕು. ವೇಗಾಸ್‌ನಲ್ಲಿ ಅಭ್ಯಾಸಕ್ಕೆ ಅಡ್ಡಿಯಾಯಿತು, ರಸ್ತೆಯ ಮ್ಯಾನ್‌ಹೋಲ್ ಮುಚ್ಚಳ ಅಲುಗಾಡಿ ಓಟ ನಿಲ್ಲಿಸಬೇಕಾಯಿತು. ಅರ್ಹತಾ ಸುತ್ತು ಮಳೆಯಲ್ಲಿ ನಡೆಯಿತು. ರೇಸಿನಲ್ಲಿ ಕಾರು ಅಂದಾಜಿಗಿಂತ ಜಾಸ್ತಿ ಕುಣಿಯಿತು. ಇದು ಬೇಕೆಂದು ಮಾಡಿದ್ದಲ್ಲ ಅಂತ ತೀರ್ಪುಗಾರರೂ ಒಪ್ಪಿದರು. ಆದರೂ ಅನರ್ಹತೆ ತಪ್ಪಲಿಲ್ಲ.

ಅದು ಸರಿಯೇ. ಅಳತೆಯ ನಿಯಮದಲ್ಲಿ ಉದ್ದೇಶ ಕೇಳುವುದಿಲ್ಲ. ಕಾಫಿ ಮಾರಲು ಹೋದಾಗ ತೇವಾಂಶ ಅಳೆಯುವ ಮೀಟರ್ ಏನು ತೋರಿಸುತ್ತದೋ ಅದೇ ಲೆಕ್ಕ. ಕಣದಲ್ಲಿ ಮೋಡ ಇತ್ತು, ಬಿಸಿಲು ಬರಲಿಲ್ಲ ಅಂದರೆ ಮೀಟರಿಗೆ ಕೇಳಿಸುತ್ತದಾ? ಇಲ್ಲೂ ಹಾಗೇ. ಒಬ್ಬರಿಗೆ ವಿನಾಯಿತಿ ಕೊಟ್ಟರೆ ನಾಳೆ ಎಲ್ಲರೂ 8.9ಕ್ಕೆ ಇಳಿಸಿಕೊಂಡು ಬರುತ್ತಾರೆ. ಇದೇ ವರ್ಷ ಚೀನಾದಲ್ಲಿ ಹ್ಯಾಮಿಲ್ಟನ್ ಕೂಡ ಹಲಗೆ ಸವೆದು ಅನರ್ಹರಾಗಿದ್ದರು. 1994ರಲ್ಲಿ ಬೆಲ್ಜಿಯಂನಲ್ಲಿ ಗೆದ್ದ ಮೈಕೆಲ್ ಶೂಮಾಕರ್ ಗೆಲುವನ್ನೇ ಕಳೆದುಕೊಂಡಿದ್ದರು.

ಏಳು, ಮೂವತ್ತೆರಡು, ಐವತ್ತೇಳು

ಒಂದು ವಾರದ ನಂತರ ಕತಾರ್. ಟಯರ್ ಸುರಕ್ಷತೆಗಾಗಿ ಅಲ್ಲಿ ಒಂದು ಸೆಟ್ ಟಯರಿನಲ್ಲಿ 25 ಸುತ್ತಿಗಿಂತ ಜಾಸ್ತಿ ಓಡಿಸುವಂತಿರಲಿಲ್ಲ. ರೇಸ್ 57 ಸುತ್ತು. ಏಳನೇ ಸುತ್ತಿನಲ್ಲಿ ಅಪಘಾತವಾಗಿ ಸೇಫ್ಟಿ ಕಾರ್ ಬಂತು. ಎಲ್ಲರೂ ನಿಧಾನವಾಗಿ ಓಡುವ ಆ ಹೊತ್ತಿನಲ್ಲಿ ಟಯರ್ ಬದಲಿಸಿದರೆ ಸಮಯ ಕಡಿಮೆ ವ್ಯರ್ಥ. ಉಳಿದದ್ದು 50 ಸುತ್ತು, ಸರಿಯಾಗಿ 25 ಮತ್ತು 25. ಅಂದರೆ ಏಳರಲ್ಲಿ ಒಮ್ಮೆ, ಮೂವತ್ತೆರಡರಲ್ಲಿ ಒಮ್ಮೆ ಟಯರ್ ಬದಲಿಸಿದರೆ ಐವತ್ತೇಳಕ್ಕೆ ರೇಸ್ ಮುಗಿಯುತ್ತದೆ. ವರ್ಸ್ಟಾಪನ್ ಸೇರಿ ಬಹುತೇಕ ಎಲ್ಲರೂ ಒಳಗೆ ಬಂದರು. ಮೆಕ್‌ಲಾರೆನ್ ಇಬ್ಬರನ್ನೂ ಹೊರಗೇ ಬಿಟ್ಟಿತು. ಇದು ಸಮಾನತೆಯ ಫಲ ಅಂತ ಕೆಲವರು ಹೇಳಿದರು. ಹಾಗಲ್ಲ, ಇದು ಸೀದಾ ಲೆಕ್ಕದ ತಪ್ಪು. ಉಳಿದವರೆಲ್ಲ ಬರುತ್ತಾರೆ ಅಂತ ಊಹಿಸದೆ ಹೋದದ್ದು. ಮುಂದೆ ಓಡುತ್ತಿದ್ದ ಪಿಯಾಸ್ಟ್ರಿ ಎರಡನೆಯವರಾದರು, ವರ್ಸ್ಟಾಪನ್ ಗೆದ್ದರು.

ನಾರಿಸ್ ಐದನೆಯವರಾಗಿದ್ದರು. ಮುಗಿಯುವ ಹೊತ್ತಿಗೆ ಮುಂದಿದ್ದ ಮರ್ಸಿಡಿಸ್‌ನ ಕಿಮಿ ಆಂಟೊನೆಲ್ಲಿ ಸ್ವಲ್ಪ ಜಾರಿ ಟ್ರ್ಯಾಕಿನಿಂದ ಆಚೆ ಹೋದರು. ನಾರಿಸ್ ನಾಲ್ಕಕ್ಕೆ ಏರಿದರು. ಬೇಕೆಂದೇ ಜಾಗ ಬಿಟ್ಟ ಅಂತ ರೆಡ್ ಬುಲ್ ಕಡೆಯಿಂದ ಮಾತು ಬಂತು. 19 ವರ್ಷದ ಆ ಹುಡುಗನಿಗೆ ಜಾಲತಾಣಗಳಲ್ಲಿ ಕೆಟ್ಟ ಕೆಟ್ಟ ಬೈಗುಳ ಸುರಿಯಿತು. ಆಮೇಲೆ ರೆಡ್ ಬುಲ್ ವಿಷಾದ ಹೇಳಿತು. ವಿಡಿಯೋ ನೋಡಿದರೆ ಕಾರಿನ ಹಿಂಭಾಗ ಜಾರಿದ್ದು ಸ್ಪಷ್ಟ. ಸುಮ್ನೆ ಒಬ್ಬ ಹುಡುಗನ ಮೇಲೆ ಅಪವಾದ ಹೊರಿಸಿದ್ದು ಈ ವರ್ಷದ ಅತ್ಯಂತ ನೋವಿನ ಸಂಗತಿ.

ಕಳೆದು ನೋಡಿದರೆ

ಈಗ ಲೆಕ್ಕ ಹಾಕಿ. ಮೊಂಜಾದಲ್ಲಿ ಪಿಯಾಸ್ಟ್ರಿ ಜಾಗ ಬಿಡದಿದ್ದರೆ ನಾರಿಸ್‌ಗೆ ಮೂರು ಅಂಕ ಕಡಿಮೆ. ಒಟ್ಟು 420. ವರ್ಸ್ಟಾಪನ್ 421. ಕತಾರ್‌ನಲ್ಲಿ ಆಂಟೊನೆಲ್ಲಿ ಜಾರದಿದ್ದರೆ ಎರಡು ಅಂಕ ಕಡಿಮೆ. 421ಕ್ಕೆ 421. ಸಮ ಬಂದರೆ ಜಾಸ್ತಿ ರೇಸ್ ಗೆದ್ದವರಿಗೆ ಪ್ರಶಸ್ತಿ, ಅಂದರೆ ವರ್ಸ್ಟಾಪನ್‌ಗೆ. ಇನ್ನೊಂದು ಕಡೆ ವೇಗಾಸ್‌ನ ಹಲಗೆ ಒಂದು ಹಾಳೆಯಷ್ಟು ಕಡಿಮೆ ಸವೆದಿದ್ದರೆ, ಜಾಂಡ್‌ವೋರ್ಟ್‌ನಲ್ಲಿ ಆಯಿಲ್ ಲೀಕ್ ಆಗದಿದ್ದರೆ, ಕೊನೆಯ ರೇಸಿಗೆ ಇಷ್ಟು ಕುತೂಹಲವೇ ಇರುತ್ತಿರಲಿಲ್ಲ.

ಇಂಥ ಲೆಕ್ಕಕ್ಕೆ ಒಂದು ಮಿತಿ ಇದೆ. ಅಂಕ ಬೇರೆಯಾಗಿದ್ದರೆ ಅಬುಧಾಬಿಯ ಓಟವೂ ಬೇರೆಯಾಗುತ್ತಿತ್ತು. ನಾರಿಸ್‌ಗೆ ಅವತ್ತು ಮೂರನೇ ಸ್ಥಾನ ಸಾಕಿತ್ತು, ಅಷ್ಟಕ್ಕೇ ಓಡಿಸಿದರು. ಎರಡನೇ ಸ್ಥಾನ ಬೇಕಾಗಿದ್ದರೆ? ಅವರ ಮುಂದೆ ಇದ್ದವರು ಪಿಯಾಸ್ಟ್ರಿ. ಆಗ ತಂಡ ಏನು ಹೇಳುತ್ತಿತ್ತು, ಪಿಯಾಸ್ಟ್ರಿ ಏನು ಮಾಡುತ್ತಿದ್ದರು ಅನ್ನುವುದೇ 'ಪಪಾಯ ನಿಯಮ'ದ ನಿಜವಾದ ಪರೀಕ್ಷೆ ಆಗಿರುತ್ತಿತ್ತು. ಆ ಪರೀಕ್ಷೆ ನಡೆಯಲೇ ಇಲ್ಲ. ಆದ್ದರಿಂದ ನಾರಿಸ್ ಗೆದ್ದ ಮಾತ್ರಕ್ಕೆ ಮೆಕ್‌ಲಾರೆನ್ ನೀತಿ ಸರಿ ಅಂತ ಸಾಬೀತಾಯಿತು ಅನ್ನುವುದು ಅವಸರದ ಮಾತು.

ಮುಂದಿನ ವರ್ಷ ಏನಾಗುತ್ತದೆ

2026ಕ್ಕೆ ಕಾರೇ ಬದಲಾಗುತ್ತಿದೆ. ಕನಿಷ್ಠ ತೂಕ ಸುಮಾರು 30 ಕಿಲೋ ಇಳಿಯುತ್ತದೆ. ಅಗಲ 10 ಸೆಂಟಿಮೀಟರ್ ಕಡಿಮೆ. ಅಡಿಭಾಗ ಈಗಿನದಕ್ಕಿಂತ ಚಪ್ಪಟೆಯಾಗುವುದರಿಂದ ಕಾರನ್ನು ನೆಲಕ್ಕೆ ಅಂಟಿಸಿ ಓಡಿಸುವ ಲಾಭ ಕಡಿಮೆಯಾಗುತ್ತದೆ. ಹಲಗೆ ಇರುತ್ತದೆ, ಆದರೆ ವೇಗಾಸ್‌ನಂಥ ಪ್ರಸಂಗ ಅಪರೂಪವಾಗಬಹುದು.

ಬ್ಯಾಟರಿಯ ಮೋಟಾರ್ 120 ಕಿಲೋವ್ಯಾಟ್‌ನಿಂದ 350ಕ್ಕೆ ಏರುತ್ತದೆ. ಶಕ್ತಿಯ ಹೆಚ್ಚುಕಡಿಮೆ ಅರ್ಧ ಕರೆಂಟ್‌ನಿಂದ. ಅಷ್ಟು ಕರೆಂಟ್ ಒಂದೇ ಸುತ್ತಿನಲ್ಲಿ ಖಾಲಿಯಾಗುತ್ತದೆ, ಬ್ರೇಕ್ ಹಾಕುವಾಗ ಮತ್ತೆ ತುಂಬಿಸಿಕೊಳ್ಳಬೇಕು. ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಅನ್ನುವ ಲೆಕ್ಕ ಚಾಲಕನ ತಲೆ ಮೇಲೆ ಬೀಳುತ್ತದೆ. ನೇರ ರಸ್ತೆಯಲ್ಲಿ ಯಾಕೆ ವೇಗ ಕಡಿಮೆ ಮಾಡಿದ ಅಂತ ನೋಡುವವರಿಗೆ ಗೊಂದಲವಾದರೆ ಆಶ್ಚರ್ಯ ಇಲ್ಲ. ಪೆಟ್ರೋಲ್ ಜಾಗಕ್ಕೆ ಪೂರ್ತಿ ಸುಸ್ಥಿರ ಇಂಧನ ಬರುತ್ತದೆ. ಇದನ್ನು ನಮ್ಮ ಬಂಕಿನ ಇ20 ಜೊತೆ ಬೆರೆಸಿಕೊಳ್ಳಬೇಡಿ. ಇ20 ಅಂದರೆ ಪೆಟ್ರೋಲಿಗೆ ಶೇ. 20 ಎಥನಾಲ್ ಸೇರಿಸಿದ್ದು. ಅಲ್ಲಿ ನೆಲದಿಂದ ತೆಗೆದ ಕಚ್ಚಾತೈಲದ ಪಾಲೇ ಇರುವುದಿಲ್ಲ.

ಸೌಬರ್ ತಂಡ ಆಡಿ ಆಗುತ್ತದೆ. ಕ್ಯಾಡಿಲಾಕ್ ಹೊಸದಾಗಿ ಬರುವುದರಿಂದ ತಂಡ 11, ಕಾರು 22 ಆಗುತ್ತದೆ. ನಿಯಮ ಪೂರ್ತಿ ಬದಲಾದ ವರ್ಷಗಳಲ್ಲಿ ಒಂದು ತಂಡ ಬಹಳ ಮುಂದೆ ಓಡುವುದುಂಟು, 2014ರಲ್ಲಿ ಮರ್ಸಿಡಿಸ್ ಹಾಗೆ ಮಾಡಿತ್ತು. ಮತ್ತೆ ಅಂಥದ್ದಾದರೆ ಪೈಪೋಟಿ ಉಳಿಯುವುದು ಆ ತಂಡದ ಇಬ್ಬರ ನಡುವೆ ಮಾತ್ರ. ಒಬ್ಬರನ್ನು ಆರಿಸಬೇಕಾ, ಇಬ್ಬರನ್ನೂ ಬಿಡಬೇಕಾ ಅನ್ನುವ ಮೊಂಜಾದ ಪ್ರಶ್ನೆ ಆಗ ಬೇರೊಂದು ತಂಡದ ಮುಂದೆ ಬಂದು ನಿಲ್ಲುತ್ತದೆ.

2026ರ ಮೊದಲ ರೇಸ್ ಮಾರ್ಚ್ 8ರಂದು ಮೆಲ್ಬೋರ್ನ್‌ನಲ್ಲಿ. ನಮ್ಮಲ್ಲಿ ಆಗ ಭಾನುವಾರ ಬೆಳಿಗ್ಗೆ, ತೋಟದವರು ಹೂಮಳೆಗೆ ಆಕಾಶ ನೋಡುವ ಕಾಲ. ನಾರಿಸ್ ಕಾರಿನ ಮೂತಿಯ ಮೇಲೆ ಹಳೆಯ ಸಂಖ್ಯೆ 4 ಇರುವುದಿಲ್ಲ, ಚಾಂಪಿಯನ್‌ಗೆ ಸಿಗುವ 1 ಇರುತ್ತದೆ. ಅಂಕದ ಪಟ್ಟಿಯಲ್ಲಿ ಎಲ್ಲರದೂ ಸೊನ್ನೆ.